ಹಳೆಯ ಹಾಡಿನ ಪ್ಲೇಟುಗಳನ್ನು ಮಾರುವ ಮುನ್ನ

ಮನೆಯ ಹಳೆಯ ಗ್ರಾಮಫೋನ್ ಪ್ಲೇಟು, ಎಲ್‌ಪಿ ಎಂಬ 12 ಇಂಚಿನ ಹಾಡಿನ ತಟ್ಟೆಗಳು ಅಟ್ಟದಿಂದ ಕೆಳಗಿಳಿಯುವುದು ಸಾಮಾನ್ಯವಾಗಿ ಮನೆ ಖಾಲಿ ಮಾಡುವ ವಾರದಲ್ಲಿ. ಆಗ ಯಾರಿಗೂ ಪುರುಸೊತ್ತಿಲ್ಲ. ಗುಜರಿಯವರು ಬಂದು ರಾಶಿಗೆ ಒಂದು ಬೆಲೆ ಹೇಳುತ್ತಾರೆ, ಕೊಟ್ಟು ಕಳಿಸುತ್ತೇವೆ. ಆ ರಾಶಿಯಲ್ಲಿ ಬಹುಪಾಲು ತಟ್ಟೆಗಳಿಗೆ ನಿಜಕ್ಕೂ ಹೆಚ್ಚು ಬೆಲೆ ಇರುವುದಿಲ್ಲ. ಆದರೆ ಉಳಿದ ನಾಲ್ಕೈದು ತಟ್ಟೆಗಳಿಗೆ ಇಡೀ ರಾಶಿಗಿಂತ ಹೆಚ್ಚು ಹಣ ಬರಬಹುದು. ಅವು ಯಾವುವು ಎಂದು ಗೊತ್ತಾಗುವವರೆಗೆ ಒಂದನ್ನೂ ಹೊರಗೆ ಕೊಡಬೇಡಿ. ಇನ್ನೂರು ತಟ್ಟೆಗಳ ಸಂಗ್ರಹವಾದರೆ ಈ ಕೆಲಸಕ್ಕೆ ಎರಡು ಮೂರು ಭಾನುವಾರ ಸಾಕು.

ಇಳಿಸುವಾಗ

ಪೆಟ್ಟಿಗೆಯನ್ನು ಇಡಿಯಾಗಿ ಎತ್ತಲು ಹೋಗಬೇಡಿ. ಕವರ್ ಸಹಿತ ಒಂದು ಎಲ್‌ಪಿ ಹೆಚ್ಚುಕಡಿಮೆ 200ರಿಂದ 250 ಗ್ರಾಂ ತೂಗುತ್ತದೆ, ನೂರು ಎಲ್‌ಪಿ ಎಂದರೆ ಒಂದು ಅಕ್ಕಿ ಮೂಟೆಯ ಭಾರ. ಹಳೆಯ ರಟ್ಟಿನ ಪೆಟ್ಟಿಗೆಯ ತಳ ಆ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ. ಹತ್ತಿಪ್ಪತ್ತರಂತೆ ಇಳಿಸಿ, ಪುಸ್ತಕದ ಹಾಗೆ ನೇರವಾಗಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಾಗುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ, ಗಡುಸಾದ 78ರ ತಟ್ಟೆಗಳಾದರೆ ಸೀಳುತ್ತವೆ. ಬಿಸಿಲು ಬೀಳುವ ಜಗಲಿಯಲ್ಲಿ ಹರಡಬೇಡಿ, ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ. ಎಲ್‌ಪಿ ಮಾಡುವ ವಿನೈಲ್ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ, ಒಮ್ಮೆ ಸೊಟ್ಟಗಾದ ಎಲ್‌ಪಿಯನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಕವರ್, ಒಳಕವರ್, ಹಾಡಿನ ಸಾಹಿತ್ಯ ಅಚ್ಚಾದ ಹಾಳೆ, ಅಂಗಡಿಯ ಚೀಟಿ ಯಾವುದನ್ನೂ ಎಸೆಯಬೇಡಿ. ಹರಿದ ಕವರ್ ಕೂಡ ತನ್ನ ತಟ್ಟೆಯ ಜೊತೆಗೇ ಇರಲಿ.

ನಿಮ್ಮ ಬಳಿ ಇರುವುದು ಏನು?

ಮೊದಲು ಮೂರು ಗುಂಪು ಮಾಡಿ.

ದಪ್ಪಗೆ, ಭಾರವಾಗಿ, ಬೆರಳಲ್ಲಿ ತಟ್ಟಿದರೆ ಹೆಂಚಿನ ಹಾಗೆ ಸದ್ದು ಮಾಡುವವು 78 ಆರ್‌ಪಿಎಂ ತಟ್ಟೆಗಳು. ಇವನ್ನು ಮಾಡಿದ್ದು ಅರಗಿನಿಂದ. ಕೈಜಾರಿದರೆ ಗಾಜಿನಂತೆ ಒಡೆಯುತ್ತವೆ. ಹೆಚ್ಚಿನವು 10 ಇಂಚಿನವು, ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಹಾಡು. ಭಾರತದಲ್ಲಿ ಇವು 1960ರ ದಶಕದಲ್ಲೂ ಬರುತ್ತಿದ್ದವು, ಹಾಗಾಗಿ 78 ಎಂದ ಮಾತ್ರಕ್ಕೆ ಬಹಳ ಪುರಾತನವೆಂದು ತಿಳಿಯಬೇಕಿಲ್ಲ.

7 ಇಂಚಿನ ಚಿಕ್ಕ ವಿನೈಲ್ ತಟ್ಟೆಗಳು ಇಪಿ ಮತ್ತು ಎಸ್‌ಪಿ. ಸಾಮಾನ್ಯವಾಗಿ 45ರ ವೇಗ. ಇಪಿಯಲ್ಲಿ ನಾಲ್ಕು ಹಾಡು, ಎಸ್‌ಪಿಯಲ್ಲಿ ಎರಡು. 33ರ ವೇಗದ ಚಿಕ್ಕ ತಟ್ಟೆಗಳೂ ಬಂದಿವೆ, ಆದ್ದರಿಂದ ಅಳತೆ ನೋಡಿ ವೇಗ ಊಹಿಸದೆ ಲೇಬಲ್ ಓದಿ. ಕನ್ನಡ ಚಿತ್ರಗೀತೆಗಳ ದೊಡ್ಡ ಪಾಲು ಇರುವುದು ಈ ಇಪಿಗಳಲ್ಲೇ. ಮೂರನೆಯ ಗುಂಪು 12 ಇಂಚಿನ ಎಲ್‌ಪಿ.

ಈ ವಿಂಗಡಣೆ ಬರೀ ಅಚ್ಚುಕಟ್ಟಿಗಲ್ಲ. 78ರಲ್ಲಿ ಮುಳ್ಳು ಓಡುವ ಗೆರೆ ಅಗಲ, ಎಲ್‌ಪಿಯ ಗೆರೆ ಅದಕ್ಕಿಂತ ಬಹಳ ಸಣ್ಣದು. ಕೀ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ಒಂದೇ ಸಲಕ್ಕೆ ಆ ತಟ್ಟೆ ಹಾಳು. ಎಲ್‌ಪಿಯ ಮುಳ್ಳಿನಲ್ಲಿ 78 ನುಡಿಸಿದರೆ ಮುಳ್ಳು ಗೆರೆಯ ತಳದ ಧೂಳಿನಲ್ಲಿ ಓಡಿ ಬರೀ ಗರಗರ ಕೇಳಿಸುತ್ತದೆ, ಒಳ್ಳೆಯ ತಟ್ಟೆಯನ್ನೂ ಕೆಟ್ಟದ್ದೆಂದು ತಪ್ಪಾಗಿ ಬೆಲೆ ಇಳಿಸುತ್ತೀರಿ.

ಯಾವುದಕ್ಕೆ ಬೆಲೆ, ಯಾವುದಕ್ಕಿಲ್ಲ

ಹಳೆಯದು ಎಂಬ ಕಾರಣಕ್ಕೆ ಬೆಲೆ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಮಾರುವವರಿಗೆ ಎಲ್ಲಕ್ಕಿಂತ ಕಷ್ಟ. ಮನೆಮನೆಯಲ್ಲೂ ಇದ್ದ ತಟ್ಟೆ ಇವತ್ತೂ ಮನೆಮನೆಯಲ್ಲಿದೆ: ಬೆಳಗಿನ ಸುಪ್ರಭಾತ, ಜನಪ್ರಿಯ ಭಕ್ತಿಗೀತೆಗಳು, ಗೆದ್ದ ಹಿಂದಿ ಚಿತ್ರಗಳ ಎಲ್‌ಪಿ. ನಿಮಗೆ ಅವುಗಳ ಮೇಲೆ ಎಷ್ಟೇ ಪ್ರೀತಿಯಿರಲಿ, ಕೊಳ್ಳುವವರಿಗೆ ಬೇರೆ ಕಡೆ ಹತ್ತು ಪ್ರತಿ ಸಿಗುತ್ತವೆ. ಇಂಥವು ತೀರಾ ಚೊಕ್ಕಟವಾಗಿದ್ದರೆ ಮಾತ್ರ ಒಳ್ಳೆಯ ಬೆಲೆಗೆ ಹೋಗುತ್ತವೆ.

ಆ ಕಾಲದಲ್ಲಿ ಹೆಚ್ಚು ಖರ್ಚಾಗದೆ ಉಳಿದದ್ದಕ್ಕೆ ಈಗ ಹುಡುಕಾಟ. ಚರಣಜಿತ್ ಸಿಂಗ್ ಸಿಂಥಸೈಜರ್‌ನಲ್ಲಿ ರಾಗಗಳನ್ನು ನುಡಿಸಿ 1982ರಲ್ಲಿ ಹೊರತಂದ ಎಲ್‌ಪಿ ಆಗ ಸದ್ದು ಮಾಡಲಿಲ್ಲ. 2010ರಲ್ಲಿ ಯುರೋಪಿನಲ್ಲಿ ಮರುಮುದ್ರಣವಾದ ಮೇಲೆ ಮೂಲ ಪ್ರತಿಗಾಗಿ ಸಂಗ್ರಾಹಕರು ಪೈಪೋಟಿಗಿಳಿದರು. ಬೀಟಲ್ಸ್ ತಂಡದ 78ರ ತಟ್ಟೆಗಳ ಕಥೆಯೂ ಅಂಥದ್ದೇ. ಬ್ರಿಟನ್ನಿನಲ್ಲಿ 78 ನಿಂತುಹೋದ ಮೇಲೂ ಭಾರತದಲ್ಲಿ ಪಾರ್ಲೊಫೋನ್ ಲೇಬಲ್ಲಿನಲ್ಲಿ ಅವರ ಹಾಡುಗಳು ಅರಗಿನ ತಟ್ಟೆಯಲ್ಲಿ ಬಂದವು. ಬೆಂಗಳೂರು ದಂಡಿನ ಹಳೆಯ ಮನೆಯೊಂದರ ಪೆಟ್ಟಿಗೆಯಲ್ಲಿ ಅಂಥದ್ದು ಕಂಡರೆ ಅದನ್ನು ಪ್ರತ್ಯೇಕ ತೆಗೆದಿಡಿ.

ಕರ್ನಾಟಕದ ಮನೆಗಳಲ್ಲಿ ಏನು ಸಿಗುತ್ತದೆ ಎಂಬುದು ಸೀಮೆಯನ್ನು ಅವಲಂಬಿಸಿದೆ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಹಿಂದೂಸ್ತಾನಿ ಮತ್ತು ಬಾಲಗಂಧರ್ವರಂಥವರ ಮರಾಠಿ ರಂಗಗೀತೆಗಳ 78ಗಳು ಬರುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಎಳೆಯ ವಯಸ್ಸಿನ ದನಿ ಇರುವುದು ಅಂಥ ತಟ್ಟೆಗಳಲ್ಲಿ. ಗಂಗೂಬಾಯಿ ಹಾನಗಲ್ಲರ ತೀರಾ ಮೊದಲ ತಟ್ಟೆಗಳ ಮೇಲೆ ಗಾಂಧಾರಿ ಎಂಬ ಹೆಸರಿದೆ. ಲೇಬಲ್ಲಿನಲ್ಲಿ ಗಂಗೂಬಾಯಿ ಎಂದು ಹುಡುಕುವವರು ಅದನ್ನು ದಾಟಿಯೇ ಹೋಗುತ್ತಾರೆ. ಹಳೆ ಮೈಸೂರು ಕಡೆ ಪಿಟೀಲು ಚೌಡಯ್ಯನವರಂಥವರ ಕರ್ನಾಟಕ ಸಂಗೀತ, ಪಿ. ಕಾಳಿಂಗರಾಯರ ಭಾವಗೀತೆಗಳು, ಕನ್ನಡ ಚಿತ್ರಗೀತೆಗಳು ಹೆಚ್ಚು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಟಿ.ಜಿ. ಲಿಂಗಪ್ಪ ಇವರ ಸಂಗೀತದ ಇಪಿಗಳನ್ನು ಚಿತ್ರದ ಹೆಸರು ಹಿಡಿದೇ ಕೇಳುವ ಸಂಗ್ರಾಹಕರಿದ್ದಾರೆ, ಅದರಲ್ಲೂ ಸೋತ ಚಿತ್ರದ ಇಪಿಗಳನ್ನು. ಇಳಯರಾಜ ಸಂಗೀತ ಕೊಟ್ಟ ಕನ್ನಡ ಚಿತ್ರಗಳ ತಟ್ಟೆಗಳಿಗೆ ತಮಿಳು ಸಂಗ್ರಾಹಕರೂ ಸೇರುವುದರಿಂದ ಕೇಳುವವರು ಜಾಸ್ತಿ.

ಒಂದೇ ಬದಿಯಲ್ಲಿ ಹಾಡಿರುವ 78, ಲೇಬಲ್ಲಿನಲ್ಲಿ ಜರ್ಮನಿಯ ಹ್ಯಾನೋವರ್ ಊರಿನ ಹೆಸರು, ಹಾಡಿನ ಕೊನೆಗೆ ಕಲಾವಿದರೇ ತಮ್ಮ ಹೆಸರು ಹೇಳುವುದು ಇವೆಲ್ಲ ಬಹಳ ಹಿಂದಿನ ಮುದ್ರಣದ ಗುರುತು. ಭಾರತದಲ್ಲಿ ಮೊದಲ ವಾಣಿಜ್ಯ ಧ್ವನಿಮುದ್ರಣ ನಡೆದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. 1908ರಲ್ಲಿ ಅಲ್ಲೇ ಕಾರ್ಖಾನೆ ಶುರುವಾಗುವ ತನಕ ತಟ್ಟೆಗಳು ಹ್ಯಾನೋವರಿನಿಂದ ಅಚ್ಚಾಗಿ ಬರುತ್ತಿದ್ದವು. ಇಂಥದ್ದು ಕೈಗೆ ಸಿಕ್ಕರೆ ಬಿರುಕು ಬಿಟ್ಟಿದ್ದರೂ ಬಿಸಾಡಬೇಡಿ.

ಲೇಬಲ್ ಓದುವುದು

ಒಂದು ಇಪಿಯನ್ನು ಕೈಗೆತ್ತಿಕೊಳ್ಳಿ. ಅಂಚನ್ನು ಅಂಗೈಯಿಂದ ಒತ್ತಿ ಹಿಡಿಯಿರಿ, ಗೆರೆಗಳಿಗೆ ಬೆರಳು ತಾಕದಿರಲಿ. ನಡುವಿನ ಲೇಬಲ್ಲಿನ ಮೇಲೆ ಕಂಪನಿಯ ಹೆಸರು ಇರುತ್ತದೆ: ನಾಯಿ ಚಿತ್ರದ ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಪಾಲಿಡಾರ್, ಇನ್ರೆಕೊ, ಸಂಗೀತಾ, ಹೀಗೆ. ಪಕ್ಕದಲ್ಲಿ ಅಕ್ಷರ ಮತ್ತು ಅಂಕೆ ಸೇರಿದ ಕ್ಯಾಟಲಾಗ್ ಸಂಖ್ಯೆ. ಈಗ ತಟ್ಟೆಯನ್ನು ಬೆಳಕಿಗೆ ಓರೆಯಾಗಿಸಿ. ಕೊನೆಯ ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಉಂಗುರದಲ್ಲಿ ಇನ್ನೊಂದು ಸಂಖ್ಯೆ ಕೆತ್ತಿರುವುದು ಕಾಣುತ್ತದೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ, ಯಾವ ಅಚ್ಚಿನಿಂದ ಈ ಪ್ರತಿ ಬಂದಿದೆ ಎಂಬುದರ ಗುರುತು. ಕವರ್ ಬದಲಾಗಿರಬಹುದು, ಲೇಬಲ್ ಮಾಸಿರಬಹುದು, ಈ ಕೆತ್ತನೆ ಮಾತ್ರ ಅಳಿಯುವುದಿಲ್ಲ. ಒಂದೇ ಎಲ್‌ಪಿ ಹತ್ತು ವರ್ಷಗಳಲ್ಲಿ ಮೂರು ನಾಲ್ಕು ಸಲ ಮರುಮುದ್ರಣಗೊಂಡಿರುತ್ತದೆ. ಮೊದಲ ಮುದ್ರಣಕ್ಕೂ ಕೊನೆಯದಕ್ಕೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಎರಡೂ ಸಂಖ್ಯೆಗಳನ್ನು ಬರೆದುಕೊಳ್ಳಲೇಬೇಕು. ಎಚ್‌ಎಂವಿ ಎಲ್‌ಪಿಗಳಲ್ಲಿ ಸಂಖ್ಯೆಯ ಮುಂದೆ ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ.

ಕವರಿನ ಒಳಗೆ ಅದೇ ತಟ್ಟೆ ಇದೆಯೇ ಎಂದು ಪ್ರತಿಯೊಂದನ್ನೂ ತೆಗೆದು ನೋಡಿ. ಮದುವೆ ಮನೆಗೆ ಎರವಲು ಹೋಗಿ ಬಂದ ಸಂಗ್ರಹಗಳಲ್ಲಿ ತಟ್ಟೆಗಳು ಅದಲುಬದಲಾಗಿರುವುದು ತೀರಾ ಸಾಮಾನ್ಯ.

ಸ್ಥಿತಿಯನ್ನು ಅಳೆಯುವುದು

ಹೆಚ್ಚು ಜಗಳವಾಗುವುದು ಇಲ್ಲೇ. ಜಗತ್ತಿನಾದ್ಯಂತ ಸಂಗ್ರಾಹಕರು ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆಗಳನ್ನು ಬಳಸುತ್ತಾರೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಪೂರ್. ಈ ಪದಗಳ ಮಾಮೂಲಿ ಅರ್ಥ ಇಲ್ಲಿ ನಡೆಯುವುದಿಲ್ಲ. ‘ಗುಡ್’ ಎಂದರೆ ಗೀರುಗಳು ತುಂಬಿ, ಹಾಡಿನ ಉದ್ದಕ್ಕೂ ಸದ್ದು ಮಾಡುವ, ಆದರೂ ಹಾರದೆ ಕೊನೆಯವರೆಗೆ ಓಡುವ ತಟ್ಟೆ. ‘ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಗುಡ್ ಎಂದು ಬರೆದವರಿಗೆ ಕೊಳ್ಳುವವರೇ ಸಿಗುವುದಿಲ್ಲ. ಕೆಟ್ಟ ತಟ್ಟೆಯನ್ನು ವೆರಿ ಗುಡ್ ಪ್ಲಸ್ ಎಂದು ಬರೆದವರಿಗೆ ಪಾರ್ಸೆಲ್ ವಾಪಸ್ ಬರುತ್ತದೆ.

ನೋಡುವ ಕ್ರಮ ಹೀಗೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಎಲ್ಲ ತಟ್ಟೆಯೂ ಹೊಸದಾಗೇ ಕಾಣುತ್ತದೆ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತಟ್ಟೆಯ ಅಂಚಿನಿಂದ ಓರೆಯಾಗಿ ಬಿಡಿ, ತಟ್ಟೆಯನ್ನು ನಿಧಾನ ತಿರುಗಿಸಿ. ಕೂದಲೆಳೆಯಂಥ, ಬೆಳಕಿನ ಕೋನ ಬದಲಾದರೆ ಮಾಯವಾಗುವ ಗೆರೆಗಳು ಒಳಕವರಿನ ಉಜ್ಜಾಟದಿಂದ ಆದವು, ಹೆಚ್ಚಾಗಿ ಕಿವಿಗೆ ಕೇಳಿಸುವುದಿಲ್ಲ. ಯಾವ ಕೋನದಲ್ಲೂ ಬಿಳಿಯಾಗಿ ಉಳಿಯುವ, ಉಗುರಿನ ತುದಿಗೆ ಹಗುರಾಗಿ ತಗಲುವ ಗೀರು ಟಕ್ ಟಕ್ ಎನ್ನುತ್ತದೆ. ಗೆರೆಗಳ ಉದ್ದಕ್ಕೂ ಸಾಗಿದ ಗೀರು ಅಡ್ಡ ಹಾಯ್ದ ಗೀರಿಗಿಂತ ಅಪಾಯಕಾರಿ, ಮುಳ್ಳು ಅದರೊಳಗೆ ಸಿಕ್ಕಿಕೊಂಡು ಒಂದೇ ಸಾಲನ್ನು ಹಾಡುತ್ತದೆ.

ಗೀರಿಲ್ಲದಿದ್ದರೂ ತಟ್ಟೆ ಸವೆದಿರಬಹುದು. ಹೊಸ ತಟ್ಟೆಯ ಕಪ್ಪು ಆಳವಾಗಿ ಹೊಳೆಯುತ್ತದೆ, ಸವೆದದ್ದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಫಿಯೆಸ್ಟಾದಂಥ ಹಳೆಯ ಪ್ಲೇಯರುಗಳ ಕೈ ತಟ್ಟೆಯ ಮೇಲೆ ಹೇರುತ್ತಿದ್ದ ಭಾರ ಹೆಚ್ಚು. ಒಂದೇ ಮುಳ್ಳಿನಲ್ಲಿ ವರ್ಷಗಟ್ಟಲೆ ನುಡಿಸಿದ ಮನೆಗಳಲ್ಲಿ ಅಚ್ಚುಮೆಚ್ಚಿನ ಹಾಡೊಂದು ಮಾತ್ರ ಬೂದಾಗಿರುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಜೇಡರ ಕಾಲಿನಂಥ ಗೆರೆಗಳಿವೆಯೇ ನೋಡಿ. ಪ್ಲೇಯರಿನ ನಡುವಿನ ಕಡ್ಡಿಗೆ ತೂತು ಸಿಗದೆ ತಡಕಾಡಿದ ಗುರುತು ಅದು. ಹೆಚ್ಚಿದ್ದಷ್ಟೂ ಆ ತಟ್ಟೆ ಹೆಚ್ಚು ಸಲ ತಿರುಗಿದೆ.

ಸೊಟ್ಟ ಇದೆಯೇ ತಿಳಿಯಲು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನ ಉದ್ದಕ್ಕೆ ನೋಡಿ. ಬಟ್ಟಲಿನಂತೆ ಸ್ವಲ್ಪ ಕುಳಿ ಬಿದ್ದದ್ದು ನುಡಿಯಬಹುದು, ಅಂಚಿನಲ್ಲಿ ಒಮ್ಮೆಲೇ ಎದ್ದಿದ್ದರೆ ಮುಳ್ಳು ಎಗರುತ್ತದೆ.

ಮಲೆನಾಡು, ಕರಾವಳಿಯ ಸಂಗ್ರಹಗಳಲ್ಲಿ ಬೂಷ್ಟು ಬೇರೆ. ಮೇಲ್ಮೈಯಲ್ಲಿ ಬಿಳಿ ಪುಡಿಯಂತಿದ್ದರೆ ತೊಳೆದರೆ ಹೋಗುತ್ತದೆ. ತೊಳೆದ ಮೇಲೂ ಮೋಡದಂಥ ಮಚ್ಚೆ ಉಳಿದರೆ ಅದು ಗೆರೆಯನ್ನೇ ಕೆಡಿಸಿದೆ, ಆ ಭಾಗ ಸರಸರ ಎನ್ನುತ್ತದೆ. ಕವರಿಗೆ ಹೊದಿಸಿದ ಹಳೆಯ ಪಿವಿಸಿ ಪ್ಲಾಸ್ಟಿಕ್ ಕೂಡ ಶಾಖಕ್ಕೆ ತಟ್ಟೆಯ ಮೇಲೆ ಅಂಥದ್ದೇ ಮಂಜು ಬಿಡುತ್ತದೆ. ಪಿವಿಸಿ ಹೊದಿಕೆ ಇದ್ದರೆ ಕಳಚಿ ಪಾಲಿಥೀನಿನದು ಹಾಕಿ.

78ರ ಪರೀಕ್ಷೆ ಬೇರೆ ತರಹ. ನಡುವಿನ ತೂತಿಗೆ ತೆಳುವಾದ ಕಡ್ಡಿ ತೂರಿಸಿ ತೂಗುಹಾಕಿ, ಬೆರಳ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಗಟ್ಟಿ ತಟ್ಟೆ ಠಣ್ಣೆಂದು ದನಿ ಕೊಡುತ್ತದೆ. ಕೂದಲೆಳೆಯ ಬಿರುಕಿದ್ದರೂ ಒಡಕು ಮಡಕೆಯ ಸದ್ದು ಬರುತ್ತದೆ. ಬಿರುಕು ಕಣ್ಣಿಗೆ ಕಾಣದಿದ್ದರೂ ಈ ಸದ್ದನ್ನು ನಂಬಿ.

ತಟ್ಟೆಗೆ ಒಂದು ದರ್ಜೆ, ಕವರಿಗೆ ಇನ್ನೊಂದು ದರ್ಜೆ ಬರೆಯಿರಿ. ಅಂಚು ಬಿಚ್ಚಿದೆಯೇ, ತಟ್ಟೆಯ ಉಂಗುರ ಕವರಿನ ಮೇಲೆ ಮೂಡಿದೆಯೇ, ಗೆದ್ದಲು ತಿಂದಿದೆಯೇ, ಯಾರಾದರೂ ಹೆಸರು ಬರೆದಿದ್ದಾರೆಯೇ ಎಲ್ಲವನ್ನೂ ಸೇರಿಸಿ. ಕಲಾವಿದರ ಹಸ್ತಾಕ್ಷರವಾದರೆ ಬೆಲೆ ಏರುತ್ತದೆ, ‘ಸೋದರಮಾವನ ಮದುವೆ ಉಡುಗೊರೆ’ ಎಂದಿದ್ದರೆ ಇಳಿಯುತ್ತದೆ. ಕವರಿಗೆ ಸೆಲ್ಲೊಟೇಪ್ ಅಂಟಿಸಿ ರಿಪೇರಿ ಮಾಡಬೇಡಿ.

ತೊಳೆಯುವುದು

ಧೂಳು ಒರೆಸಿದರಷ್ಟೇ ಸಾಕಾಗುವ ತಟ್ಟೆಗಳನ್ನು ಒಣ ಮೈಕ್ರೊಫೈಬರ್ ಬಟ್ಟೆಯಲ್ಲಿ, ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ ಬಿಟ್ಟುಬಿಡಿ. ಬೆರಳಚ್ಚು, ಬೂಷ್ಟು ಇದ್ದರೆ ಮಾತ್ರ ನೀರು.

ವಿನೈಲ್‌ಗೆ: ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಲೀಟರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ. ಲೇಬಲ್ಲಿಗೆ ತಾಗದಂತೆ ಬಟ್ಟೆಗೆ ಹಾಕಿ, ಸುತ್ತಲೂ ಒರೆಸಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಬೋರ್‌ವೆಲ್ ನೀರು ಬೇಡ, ಒಣಗಿದಾಗ ಸುಣ್ಣದಂಶ ಗೆರೆಯೊಳಗೆ ಕೂರುತ್ತದೆ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸಿ. ಪೂರ್ತಿ ಒಣಗದೆ ಕವರಿಗೆ ಹಾಕಿದರೆ ಬೂಷ್ಟು ಮತ್ತೆ ಬರುತ್ತದೆ.

78ರ ತಟ್ಟೆಗೆ ಆಲ್ಕೋಹಾಲ್ ಸೋಕಿಸಲೇಬಾರದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಒಂದು ಒರೆಸಿಗೆ ಹಾಡು ಹೋಯಿತು. ಸ್ಯಾನಿಟೈಸರ್, ಸ್ಪಿರಿಟ್, ಕನ್ನಡಕ ಒರೆಸುವ ದ್ರವ ಯಾವುದೂ ಬೇಡ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೌಮ್ಯ ಸೋಪು, ಹಿಂಡಿದ ಬಟ್ಟೆ, ತಕ್ಷಣ ಒಣಗಿಸುವುದು, ಅಷ್ಟೇ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಸವರಿದರೆ ಅದು ಧೂಳನ್ನು ಹಿಡಿದು ಅಂಟಾಗುತ್ತದೆ. ತಟ್ಟೆ ನೋಡಿ ಅಭ್ಯಾಸವಿದ್ದವರಿಗೆ ಆ ಹೊಳಪು ದೂರದಿಂದಲೇ ಗೊತ್ತಾಗುತ್ತದೆ.

ಬೆಲೆಬಾಳುವುದೆಂದು ಅನುಮಾನವಿರುವ ತಟ್ಟೆಯನ್ನು ತೊಳೆಯದೇ ಮಾರುವುದು ಉತ್ತಮ. ಕೊಳ್ಳುವವರಲ್ಲಿ ಅದಕ್ಕಾಗಿಯೇ ಯಂತ್ರ ಇಟ್ಟವರಿದ್ದಾರೆ.

ನುಡಿಸಿ ನೋಡುವುದು, ಉಳಿಸಿಕೊಳ್ಳುವುದು

ಒಳ್ಳೆಯ ಮುಳ್ಳಿರುವ ಪ್ಲೇಯರ್ ಇದ್ದರೆ ಬೆಲೆ ಬರಬಹುದಾದ ತಟ್ಟೆಗಳನ್ನು ಮಾತ್ರ ನುಡಿಸಿ ನೋಡಿ: ಪ್ರತಿ ಬದಿಯ ಮೊದಲ ಹಾಡಿನ ಆರಂಭ, ನಡುವೆ ಒಂದು ಕಡೆ, ಕೊನೆಯ ಹಾಡಿನ ಅಂತ್ಯ. ಲೇಬಲ್ಲಿನ ಹತ್ತಿರ ಬಂದಂತೆ ದನಿ ಒಡೆಯುತ್ತದೆಯೇ ಕೇಳಿ, ಸವೆತ ಮೊದಲು ತೋರುವುದು ಅಲ್ಲೇ. ಮುಳ್ಳಿನ ವಯಸ್ಸು ಗೊತ್ತಿಲ್ಲದ ಹಳೆಯ ಪ್ಲೇಯರಿನಲ್ಲಿ ನುಡಿಸುವ ಬದಲು ‘ಕಣ್ಣಿನಿಂದ ನೋಡಿ ದರ್ಜೆ ಕೊಟ್ಟಿದೆ, ನುಡಿಸಿಲ್ಲ’ ಎಂದು ಬರೆಯಿರಿ. ಕೊಳ್ಳುವವರು ಅದನ್ನು ಗೌರವಿಸುತ್ತಾರೆ.

ಮನೆಯವರು ಕೇಳಬೇಕೆನ್ನುವ ಹಾಡುಗಳಿದ್ದರೆ ಮಾರುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ತಟ್ಟೆ ನಿಮ್ಮದಾದರೂ ಹಾಡಿನ ಹಕ್ಕು ನಿಮ್ಮದಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಅದಕ್ಕಿಂತ ಬೇರೆ. ಹಾಗಾಗಿ ಯೂಟ್ಯೂಬಿಗೆ ಏರಿಸುವ ಮುನ್ನ ಯೋಚಿಸಿ.

ಪಟ್ಟಿ, ಫೋಟೊ, ಬೆಲೆ

ಗೂಗಲ್ ಶೀಟ್‌ನಲ್ಲಿ ಸಾಲಿಗೊಂದು ತಟ್ಟೆ: ಹೆಸರು, ಕಲಾವಿದರು, ಸಂಗೀತ, ಕಂಪನಿ, ಕ್ಯಾಟಲಾಗ್ ಸಂಖ್ಯೆ, ಮ್ಯಾಟ್ರಿಕ್ಸ್, ವೇಗ, ತಟ್ಟೆಯ ದರ್ಜೆ, ಕವರಿನ ದರ್ಜೆ, ದೋಷ. ಕನ್ನಡದ ಹೆಸರುಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ. ಹುಡುಕುವವರು ಎರಡರಲ್ಲೂ ಹುಡುಕುತ್ತಾರೆ. ಫೋಟೊ ಐದು ಸಾಕು: ಕವರಿನ ಎರಡು ಬದಿ, ಎರಡು ಲೇಬಲ್, ಓರೆ ಬೆಳಕಿನಲ್ಲಿ ತಟ್ಟೆ. ದೋಷವಿದ್ದರೆ ಅದರದೇ ಒಂದು ಫೋಟೊ ಹೆಚ್ಚಿಗೆ.

ಬೆಲೆಗೆ ಡಿಸ್ಕಾಗ್ಸ್ ತಾಣದಲ್ಲಿ ಕ್ಯಾಟಲಾಗ್ ಸಂಖ್ಯೆ ಹಾಕಿ ನೋಡಿ. ಅಲ್ಲಿ ಮಾರುವವರು ಕೇಳುತ್ತಿರುವ ಬೆಲೆಯನ್ನು ನೆಚ್ಚಬೇಡಿ, ಆ ಬೆಲೆಗೆ ವರ್ಷಗಟ್ಟಲೆ ಮಾರಾಟವಾಗದೆ ಕುಳಿತ ತಟ್ಟೆಗಳಿವೆ. ಈಗಾಗಲೇ ಮಾರಾಟವಾದ ಬೆಲೆಗಳ ಕನಿಷ್ಠ, ನಡುವಿನದು, ಗರಿಷ್ಠ ಎಂಬ ಮೂರು ಅಂಕಿಗಳಿರುತ್ತವೆ, ಅವನ್ನೇ ಹಿಡಿಯಿರಿ. ಗೋಲ್ಡ್‌ಮೈನ್ ಲೆಕ್ಕದಲ್ಲಿ ನಿಯರ್ ಮಿಂಟ್ ಪ್ರತಿಗೆ 1000 ರೂಪಾಯಿ ಎಂದಾದರೆ ವೆರಿ ಗುಡ್ ಪ್ಲಸ್‌ಗೆ ಸುಮಾರು 500, ವೆರಿ ಗುಡ್‌ಗೆ 250, ಗುಡ್‌ಗೆ 100ರಿಂದ 150. ಹೊರದೇಶದ ಬೆಲೆಯಲ್ಲಿ ಅಲ್ಲಿನ ಅಂಚೆ ವೆಚ್ಚ, ಅಪರೂಪ ಎರಡೂ ಸೇರಿರುತ್ತವೆ, ಇಲ್ಲಿನವರು ಅಷ್ಟು ಕೊಡುವುದಿಲ್ಲ. ಕನ್ನಡದ ಎಷ್ಟೋ ಇಪಿಗಳು ಆ ತಾಣದಲ್ಲಿ ಇಲ್ಲವೇ ಇಲ್ಲ. ಅಂಥವನ್ನು ಸಂಗ್ರಾಹಕರ ಫೇಸ್‌ಬುಕ್ ಗುಂಪಿನಲ್ಲಿ ಬೆಲೆ ಹಾಕದೆ, ಒಂದು ವಾರದ ಗಡುವು ಕೊಟ್ಟು, ಯಾರು ಎಷ್ಟಕ್ಕೆ ಕೇಳುತ್ತಾರೆ ಎಂದು ಬಹಿರಂಗವಾಗಿ ಕರೆಯುವುದು ನ್ಯಾಯವಾದ ದಾರಿ.

ಯಾರಿಗೆ ಮಾರುವುದು

ವ್ಯಾಪಾರಿಗೆ ಇಡೀ ಸಂಗ್ರಹ ಕೊಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಅವರು ತಾವು ಮಾರುವ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕೊಡುವುದು ಸಾಮಾನ್ಯ. ಅದು ಮೋಸವಲ್ಲ: ತೊಳೆಯುವುದು, ಅಂಗಡಿ ಬಾಡಿಗೆ, ಮಾರಾಟವಾಗದೆ ಉಳಿಯುವ ತಟ್ಟೆಗಳು ಎಲ್ಲವೂ ಅವರ ತಲೆಯ ಮೇಲೆ. ಇಬ್ಬರು ಮೂವರನ್ನು ಕರೆಸಿ ತೋರಿಸಿ. ಬಂದವರು ಮೇಲಿನ ಹತ್ತನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಹೋಗದಂತೆ ಎಚ್ಚರ. ಕೆನೆ ಹೋದ ಮೇಲೆ ಮಜ್ಜಿಗೆಗೆ ಗಿರಾಕಿ ಇಲ್ಲ. ‘ಇಡಿಯಾಗಿ ಕೊಂಡರೆ ಇಷ್ಟು, ಆರಿಸಿಕೊಂಡರೆ ಒಂದೊಂದಕ್ಕೆ ಇಷ್ಟು’ ಎಂದು ಎರಡು ಬೆಲೆಯನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಬಿಡಿಬಿಡಿಯಾಗಿ ಮಾರಿದರೆ ಹಣ ಹೆಚ್ಚು, ಆದರೆ ತಿಂಗಳುಗಳ ಕೆಲಸ. ಹೆಚ್ಚಿನವರಿಗೆ ಹೊಂದುವುದು ನಡುವಿನ ದಾರಿ: ಬೆಲೆಬಾಳುವ ಇಪ್ಪತ್ತು ಮೂವತ್ತನ್ನು ಒಂದೊಂದಾಗಿ ಸಂಗ್ರಾಹಕರಿಗೆ, ಉಳಿದದ್ದನ್ನು ಭಾಷೆ ಅಥವಾ ಪ್ರಕಾರದ ಪ್ರಕಾರ ಇಪ್ಪತ್ತೈದರ ಕಟ್ಟು ಮಾಡಿ. ಪ್ರತಿ ಕಟ್ಟಿನಲ್ಲೂ ಚೆನ್ನಾಗಿ ನುಡಿಯುವಂಥ ಒಂದೆರಡು ಇರಲಿ, ಬರೀ ಸವೆದವುಗಳ ಕಟ್ಟನ್ನು ಯಾರೂ ಮುಟ್ಟುವುದಿಲ್ಲ.

ಬೆಂಗಳೂರಿನ ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಗ್ರಾಮಫೋನು, ಹಳೆಯ ಪ್ಲೇಟು ಇಟ್ಟುಕೊಂಡವರು ಕಾಣುತ್ತಾರೆ. ಮುಂಬೈಗೆ ಚೋರ್ ಬಜಾರ್, ಕೋಲ್ಕತ್ತಕ್ಕೆ ಫ್ರೀ ಸ್ಕೂಲ್ ಸ್ಟ್ರೀಟ್ ಹಾಗೆ. ಇವು ಬೆಲೆಯ ಅಂದಾಜು ಸಿಗುವ ಜಾಗಗಳು. ಅಪರೂಪದ್ದನ್ನು ಅಲ್ಲಿ ಮೊದಲ ದಿನವೇ ಬಿಚ್ಚಬೇಡಿ.

ಹೊರದೇಶಕ್ಕೆ ಕಳಿಸುವುದಾದರೆ ಒಂದು ಕಾನೂನು ನೆನಪಿರಲಿ. ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನೂರು ವರ್ಷದ ಆಸುಪಾಸಿನ ತಟ್ಟೆಯನ್ನು ಪುರಾತತ್ವ ಇಲಾಖೆಯಲ್ಲಿ ವಿಚಾರಿಸದೆ ಪಾರ್ಸೆಲ್ ಮಾಡಬೇಡಿ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರಗಿನ ಹಣಕ್ಕೆ ಮಾತ್ರ ಅದು. ಒಳಗಿನದಕ್ಕೆ ಯುಪಿಐ.

ಯುಪಿಐ ಎಂದರೆ ಒಂದೇ ಎಚ್ಚರ: ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಬೇರೆಯವರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ತಟ್ಟೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ‘ಮುಂಗಡ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಸಾರ್’ ಎನ್ನುವವರು ಗಿರಾಕಿಗಳಲ್ಲ. ಪೂರ್ತಿ ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ, ಸ್ಕ್ರೀನ್‌ಶಾಟ್ ನಂಬಬೇಡಿ.

ಕಟ್ಟಿ ಕಳಿಸುವುದು

ಎಲ್‌ಪಿಯನ್ನು ಕವರಿನೊಳಗೆ ಬಿಟ್ಟು ಕಳಿಸಿದರೆ ಪಾರ್ಸೆಲ್ ಬಿದ್ದಾಗ ತಟ್ಟೆಯ ಅಂಚು ಕವರಿನ ತಳವನ್ನು ಕೊಯ್ಯುತ್ತದೆ. ಅದಕ್ಕೆ ತಟ್ಟೆಯನ್ನು ಒಳಕವರ್ ಸಹಿತ ಹೊರತೆಗೆದು ಕವರಿನ ಹಿಂದಿಡಿ, ಎರಡನ್ನೂ ಒಂದು ಪಾಲಿಥೀನ್ ಚೀಲಕ್ಕೆ ಹಾಕಿ. 33 ಸೆಂಟಿಮೀಟರ್ ಚೌಕದ ಎರಡು ಸುಕ್ಕುರಟ್ಟು ಕತ್ತರಿಸಿ, ಒಂದರ ಸುಕ್ಕು ಮೇಲಿಂದ ಕೆಳಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇರುವಂತೆ ಎರಡು ಬದಿಗೂ ಇಟ್ಟು ಟೇಪ್ ಸುತ್ತಿ. ಸುಕ್ಕು ಒಂದೇ ದಿಕ್ಕಿಗಿದ್ದರೆ ಕಟ್ಟು ಆ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಮೂಲೆಗಳಿಗೆ ಬಬಲ್ ರ‍್ಯಾಪ್, ಅದರ ಮೇಲೆ ಪೆಟ್ಟಿಗೆ. ಮಳೆಗಾಲದಲ್ಲಿ ಹೊರಗೊಂದು ಪ್ಲಾಸ್ಟಿಕ್ ಹೊದಿಕೆ. ಬಬಲ್ ರ‍್ಯಾಪ್ ತಟ್ಟೆಗೇ ನೇರ ತಾಗಬಾರದು, ಶಾಖಕ್ಕೆ ಗುಳ್ಳೆಯ ಗುರುತು ಮೂಡುತ್ತದೆ. ಸುದ್ದಿಪತ್ರಿಕೆಯೂ ಬೇಡ, ಶಾಯಿ ಕವರಿಗೆ ಹತ್ತುತ್ತದೆ.

78ಗಳು ಪಾರ್ಸೆಲ್‌ನಲ್ಲಿ ಒಡೆಯುವುದು ಹೆಚ್ಚು. ಒಂದು ಕಟ್ಟಿಗೆ ಐದಾರಕ್ಕಿಂತ ಹೆಚ್ಚು ಬೇಡ. ಪ್ರತಿ ತಟ್ಟೆಗೂ ಕಾಗದದ ಕವರ್, ತಟ್ಟೆಗಳ ನಡುವೆ ರಟ್ಟು, ಮೊದಲಿಗೂ ಕೊನೆಗೂ ತಟ್ಟೆಗಿಂತ ಎರಡು ಸೆಂಟಿಮೀಟರ್ ದೊಡ್ಡ ಗಟ್ಟಿ ರಟ್ಟು. ಕಟ್ಟು ಅಲುಗಾಡದಷ್ಟು ಬಿಗಿ, ಬಾಗುವಷ್ಟು ಬಿಗಿಯಲ್ಲ. ಅದನ್ನು ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯನ್ನು ಸುತ್ತ ಐದು ಸೆಂಟಿಮೀಟರ್ ಥರ್ಮಾಕೋಲ್ ಚೂರು ತುಂಬಿದ ದೊಡ್ಡ ಪೆಟ್ಟಿಗೆಗೆ ಹಾಕಿ. ಅಲ್ಲಾಡಿಸಿ ನೋಡಿ, ಒಳಗೆ ಏನಾದರೂ ಸರಿದರೆ ಬಿಚ್ಚಿ ಮತ್ತೆ ತುಂಬಿ. ಸ್ಪೀಡ್ ಪೋಸ್ಟ್‌ನಲ್ಲಿ ವಿಮೆ ಮಾಡಿಸಿ, ಕಟ್ಟುವ ಹಂತಗಳ ಫೋಟೊ ಇಟ್ಟುಕೊಳ್ಳಿ. ಅಪರೂಪದ 78 ಆದರೆ ಕೊಳ್ಳುವವರನ್ನೇ ಬಂದು ಒಯ್ಯಲು ಕೇಳಿ, ಸ್ವಲ್ಪ ಕಡಿಮೆ ಬೆಲೆಗೆ ಕೊಟ್ಟರೂ ನಷ್ಟವಿಲ್ಲ.

ಉಳಿದವು

ಕೊನೆಗೆ ಯಾರೂ ಕೇಳದ ಒಂದಷ್ಟು ಉಳಿಯುತ್ತವೆ. ಅವುಗಳಲ್ಲಿ ಸ್ಥಳೀಯ ನಾಟಕ ಕಂಪನಿಯ ಹಾಡು, ಯಕ್ಷಗಾನ, ಹರಿಕಥೆ, ಭಾಷಣ, ಹೆಸರೇ ಕೇಳದ ಕಲಾವಿದರ 78 ಇದ್ದರೆ ಗುಜರಿಗೆ ಹಾಕುವ ಮೊದಲು ಧ್ವನಿ ಸಂಗ್ರಹಾಲಯಗಳಿಗೆ ಪಟ್ಟಿ ಕಳಿಸಿ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಗ್ರಾಮಫೋನ್ ಧ್ವನಿಗಳನ್ನು ಡಿಜಿಟಲ್ ಮಾಡುವ ಕೆಲಸ ಮಾಡಿದೆ. ದಿಲ್ಲಿ ಬಳಿಯ ಗುರುಗ್ರಾಮದಲ್ಲಿ ಜನಾಂಗೀಯ ಸಂಗೀತಕ್ಕೇ ಮೀಸಲಾದ ಸಂಗ್ರಹಾಲಯವಿದೆ. ಸವೆದ ಇಪಿಗಳ ಕವರುಗಳನ್ನು ಮಾತ್ರ ಬೇರೆಯಾಗಿ ಕೊಳ್ಳುವವರಿದ್ದಾರೆ, ತಮ್ಮಲ್ಲಿರುವ ಒಳ್ಳೆಯ ತಟ್ಟೆಗೆ ಕವರ್ ಹುಡುಕುತ್ತಿರುವವರು. ಖಾಲಿ ಕವರುಗಳ ಪಟ್ಟಿಯನ್ನೂ ಅದೇ ಶೀಟಿನ ಕೊನೆಯಲ್ಲಿ ಸೇರಿಸಿ.